ಹೊಟ್ಟೆ ಸೂಕ್ಷ್ಮ ಇದ್ದವರ ಮನೆಯಲ್ಲಿ ಪೋರ್ಕ್ ರೋಸ್ಟ್: ಇವತ್ತು ಬೇಯಿಸಿ, ನಾಳೆ ತಿನ್ನಿ

ನೀವು ಕೇಳಿದ್ದು ಎರಡು ವಿಷಯ. ಓವನ್‌ನಲ್ಲಿ ಪೋರ್ಕ್ ರೋಸ್ಟ್ ಮಾಡಿದಾಗಲೆಲ್ಲ ಒಣಗಿ ನಾರುನಾರಾಗುತ್ತದೆ, ಏನು ಮಾಡಬೇಕು ಅನ್ನುವುದು ಒಂದು. ನಿಮಗೆ ಐಬಿಎಸ್ (ಪದೇ ಪದೇ ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಕೊಡುವ ಕರುಳಿನ ತೊಂದರೆ) ಇದೆ, ನಿಮ್ಮ ತಂದೆಗೆ ಹೋದ ವರ್ಷ ಗಾಲ್‌ಬ್ಲಾಡರ್ (ಪಿತ್ತಕೋಶ) ತೆಗೆದಿದ್ದಾರೆ, ಹಾಗಾದರೆ ಇಬ್ಬರೂ ಪೋರ್ಕ್ ಬಿಟ್ಟೇಬಿಡಬೇಕಾ ಅನ್ನುವುದು ಇನ್ನೊಂದು.

ಎರಡನೆಯದಕ್ಕೆ ಚಿಕ್ಕ ಉತ್ತರ: ಬಹುಶಃ ಬೇಕಾಗಿಲ್ಲ. ನಾನು ಡಾಕ್ಟರ್ ಅಲ್ಲ. ವಿರಾಜಪೇಟೆ ಕಡೆಯವನು, ಈಗ ಮೈಸೂರಿನಲ್ಲಿದ್ದೇನೆ. ನನಗೂ ಐಬಿಎಸ್ ಇದೆ. ಜೊತೆಗಿರುವ ನಮ್ಮತ್ತೆಗೂ ಗಾಲ್‌ಬ್ಲಾಡರ್ ತೆಗೆದಾಗಿದೆ. ಸೆಪ್ಟೆಂಬರ್ ಮೊದಲ ವಾರ ಕೊಡಗಿನ ಕೈಲ್ ಮುಹೂರ್ತಕ್ಕೆ ಪಂದಿ ಕರಿ (ಹಂದಿ ಮಾಂಸದ ಸಾರು) ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಅದನ್ನು ಹಬ್ಬ ಅಂತ ಯಾರೂ ಒಪ್ಪುವುದಿಲ್ಲ. ಹಾಗಾಗಿ ಬಿಡುವ ದಾರಿ ಹುಡುಕಲಿಲ್ಲ, ತಿನ್ನುವ ದಾರಿ ಹುಡುಕಿಕೊಂಡೆವು.

ಮಾಂಸ ಮೃದುವಾಗುವುದಕ್ಕೂ ಹೊಟ್ಟೆ ತಕರಾರು ಮಾಡದಿರುವುದಕ್ಕೂ ನನ್ನ ಪ್ರಕಾರ ಉಪಾಯ ಒಂದೇ. ಸರಿಯಾದ ಭಾಗ ತನ್ನಿ, ನಿಧಾನವಾಗಿ ಬೇಯಿಸಿ, ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಕೊಬ್ಬು ತೆಗೆದು ಮಧ್ಯಾಹ್ನ ತಿನ್ನಿ. ಮಿಕ್ಕಿದ್ದೆಲ್ಲ ಇದರ ವಿವರ ಅಷ್ಟೇ.

ಮೊದಲು ಅಂಗಡಿ. ನಮ್ಮ ಕಡೆ ಪೋರ್ಕ್ ಅಂಗಡಿಗೆ ಹೋಗಿ ಒಂದೂವರೆ ಕೆಜಿ ಅಂದರೆ ಸಾಕು, ಮಾತು ಮುಗಿಯುವ ಮೊದಲೇ ಮಚ್ಚು ಬಿದ್ದಿರುತ್ತದೆ. ಚರ್ಮ, ಕೊಬ್ಬು, ಎಲುಬು ಎಲ್ಲ ಸೇರಿಸಿ ಕರಿ ಪೀಸ್ ಮಾಡಿ ಕವರ್‌ಗೆ ಹಾಕಿಬಿಡುತ್ತಾರೆ. ಅದಕ್ಕೇ ಮೊದಲೇ ಹೇಳಿ: ಶೋಲ್ಡರ್ (ಭುಜದ ಭಾಗ) ಬೇಕು, ಒಂದೇ ತುಂಡು, ಚರ್ಮ ತೆಗೆದು ಕೊಡಿ, ಕತ್ತರಿಸಬೇಡಿ. ಸಾಧ್ಯವಾದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ.

ಶೋಲ್ಡರ್ ಯಾಕೆ ಅಂದರೆ, ಅದು ಹಂದಿ ಓಡಾಡುವಾಗ ಜಾಸ್ತಿ ಕೆಲಸ ಮಾಡುವ ಭಾಗ. ಸ್ನಾಯುಗಳ ನಡುವೆ ಕೊಲಾಜೆನ್ ಅನ್ನುವ ಗಟ್ಟಿ ಅಂಶ ತುಂಬ ಇರುತ್ತದೆ. ನಿಧಾನವಾಗಿ ಬೇಯಿಸಿದರೆ, 70 ಡಿಗ್ರಿ ದಾಟಿದ ಮೇಲೆ ಇದು ಮೆಲ್ಲಗೆ ಕರಗಿ ಜೆಲಾಟಿನ್ ಆಗುತ್ತದೆ. ಮಾಂಸದ ಒಳಗಿನ ಉಷ್ಣತೆ 90ರಿಂದ 95 ಡಿಗ್ರಿಗೆ ಬರುವ ಹೊತ್ತಿಗೆ ಫೋರ್ಕ್ ಚುಚ್ಚಿ ತಿರುಗಿಸಿದರೆ ಸಾಕು, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ.

ನಿಮ್ಮದು ಒಣಗಿದ್ದಕ್ಕೆ ಕಾರಣ ನನಗನ್ನಿಸುವಂತೆ ಲಾಯ್ನ್. ಬೆನ್ನಿನ ಭಾಗದ ಮಾಂಸ. ಕೊಬ್ಬು ಕಡಿಮೆ, ಹೊಟ್ಟೆಗೆ ಒಳ್ಳೆಯದು ಅಂದುಕೊಂಡು ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಆದರೆ ಅದರಲ್ಲಿ ಕರಗಿ ಮೆತ್ತಗಾಗುವ ಕೊಲಾಜೆನ್ ಹೆಚ್ಚು ಇಲ್ಲ. ಎರಡು ಗಂಟೆ ಬೇಯಿಸಿದರೆ ಇರುವ ನೀರೂ ಹಿಂಡಿಹೋಗುತ್ತದೆ. ಲಾಯ್ನ್ ಮಾಡುವುದಾದರೆ ಬೇಗ ಇಳಿಸಬೇಕು. ಅಮೆರಿಕದ ಕೃಷಿ ಇಲಾಖೆ 2011ರಿಂದ ಇಡೀ ತುಂಡಿಗೆ 63 ಡಿಗ್ರಿ, ಆಮೇಲೆ 3 ನಿಮಿಷ ಹಾಗೇ ಬಿಡುವುದು ಸಾಕು ಅನ್ನುತ್ತದೆ. ಅದಕ್ಕೂ ಮೊದಲು 71 ಡಿಗ್ರಿ ಅನ್ನುತ್ತಿದ್ದರು. ನಮ್ಮಲ್ಲಿ ಹಂದಿ ಎಲ್ಲಿ ಬೆಳೆದದ್ದು ಅಂತ ಯಾವಾಗಲೂ ಗೊತ್ತಿರುವುದಿಲ್ಲ, ಲಾಡಿಹುಳುವಿನ ಭಯವೂ ಇದೆ. ಹಾಗಾಗಿ ನಾನು 71ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಆಗ ಲಾಯ್ನ್ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಶೋಲ್ಡರ್‌ನಲ್ಲಿ ಈ ಜಗ್ಗಾಟವೇ ಇಲ್ಲ, 90 ದಾಟುವಷ್ಟರಲ್ಲಿ ಹುಳುವೂ ಸತ್ತಿರುತ್ತದೆ, ಮಾಂಸವೂ ಮೆತ್ತಗಾಗಿರುತ್ತದೆ.

ಬೆಲ್ಲಿ, ಅಂದರೆ ಹೊಟ್ಟೆ ಭಾಗದ ಮಾಂಸ, ಮಾತ್ರ ನಿಮ್ಮಿಬ್ಬರಿಗೂ ಬೇಡ. ರುಚಿ ನಿಜ. ಆದರೆ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ, ಎಷ್ಟು ತೆಗೆದರೂ ಮುಗಿಯುವುದಿಲ್ಲ.

ಮಾಡುವ ಕ್ರಮ ಹೇಳುತ್ತೇನೆ. ಒಂದೂವರೆ ಕೆಜಿ ಶೋಲ್ಡರ್‌ಗೆ ಮೂರು ಮಟ್ಟ ಟೀ ಚಮಚ ಪುಡಿ ಉಪ್ಪು, ಅಂದರೆ ಸುಮಾರು 18 ಗ್ರಾಂ. ಹಿಂದಿನ ರಾತ್ರಿಯೇ ಎಲ್ಲ ಕಡೆ ಸವರಿ ಫ್ರಿಜ್‌ನಲ್ಲಿಡಿ. ಉಪ್ಪು ಒಳಗೆ ಇಳಿಯುವುದಕ್ಕೆ ಸಮಯ ಬೇಕು, ಇಳಿದ ಮೇಲೆ ಮಾಂಸ ತನ್ನ ನೀರು ಹಿಡಿದುಕೊಳ್ಳುತ್ತದೆ. ಪಪ್ಪಾಯಿ ಕಾಯಿ ಅರೆದು ಹಚ್ಚಿ ಅಂತ ಯಾರಾದರೂ ಹೇಳಬಹುದು. ಚಿಕ್ಕ ತುಂಡಿಗೆ ಸರಿ. ಇಷ್ಟು ದಪ್ಪ ತುಂಡಿಗೆ ಹಚ್ಚಿದರೆ ಮೇಲ್ಗಡೆ ಪಿಚಿಪಿಚಿ, ಒಳಗೆ ಯಥಾಪ್ರಕಾರ.

ಮಸಾಲೆಗೆ ನಮ್ಮ ಕೊಡಗಿನ ಹುರಿದ ಪುಡಿಯೇ ಸಾಕು. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಸಾಸಿವೆ, ನಾಲ್ಕು ಕಾಳು ಮೆಂತ್ಯ. ಸಣ್ಣ ಉರಿಯಲ್ಲಿ ಕಪ್ಪಗೆ ಆಗುವ ತನಕ ಹುರಿಯಿರಿ. ಆದರೆ ಸೀದ ವಾಸನೆ ಬರುವ ಮೊದಲೇ ಇಳಿಸಿ, ಇಲ್ಲದಿದ್ದರೆ ಕಹಿ. ತಣ್ಣಗಾದ ಮೇಲೆ ಪುಡಿ ಮಾಡಿ, ಶುಂಠಿ ರಸದ ಜೊತೆ ಸವರಿ.

ಓಟಿಜಿ (ಚಿಕ್ಕ ಎಲೆಕ್ಟ್ರಿಕ್ ಓವನ್) ಇದ್ದರೆ ಮೇಲೆ ಕೆಳಗೆ ಎರಡೂ ರಾಡ್ ಹಾಕಿ 150 ಡಿಗ್ರಿಗೆ ಇಡಿ. ಆಳದ ಟ್ರೇಯಲ್ಲಿ ಮಾಂಸ, ಕೆಳಗೆ ಒಂದು ಲೋಟ ಬಿಸಿನೀರು, ಮೇಲೆ ಎಲ್ಲೂ ಸಂದಿ ಇಲ್ಲದ ಹಾಗೆ ಎರಡು ಪದರ ಫಾಯಿಲ್. ಟ್ರೇ ಕೆಳಗಿನ ಸಾಲಿನಲ್ಲಿರಲಿ, ಚಿಕ್ಕ ಓವನ್‌ನಲ್ಲಿ ಮೇಲಿನ ರಾಡ್ ತೀರಾ ಹತ್ತಿರ ಬರುತ್ತದೆ. ಮೂರು ಗಂಟೆ, ಮೂರೂವರೆ ಗಂಟೆ ಹಿಡಿಯಬಹುದು. ಮಾಂಸದೊಳಗೆ ಚುಚ್ಚಿ ಉಷ್ಣತೆ ನೋಡುವ ಪ್ರೋಬ್ ಥರ್ಮಾಮೀಟರ್ ಒಂದು ತೆಗೆದುಕೊಳ್ಳಿ, ದುಬಾರಿ ಏನಲ್ಲ. ನಡುವೆ 70 ಡಿಗ್ರಿ ಹತ್ತಿರ ಮುಳ್ಳು ಅಲ್ಲಾಡದೆ ನಿಂತುಬಿಡಬಹುದು, ಫಾಯಿಲ್ ಸಡಿಲ ಇದ್ದರೆ ಇನ್ನೂ ಜಾಸ್ತಿ ಹೊತ್ತು. ಮಾಂಸದಿಂದ ನೀರು ಆವಿಯಾಗಿ ಅದು ತಣ್ಣಗಾಗುತ್ತಾ ಇರುತ್ತದೆ, ಓವನ್ ಕೆಟ್ಟಿದೆ ಅಂತಲ್ಲ. ಇಲ್ಲಿ ಗಾಬರಿಯಾಗಿ 220ಕ್ಕೆ ಏರಿಸುವವರೇ ಹೆಚ್ಚು. ಏರಿಸಬೇಡಿ, ಕಾಯಿರಿ.

ಓವನ್ ಇಲ್ಲದಿದ್ದರೂ ಚಿಂತೆ ಇಲ್ಲ. ತುಂಡನ್ನು ಎರಡು ಮಾಡಿ, ಒಂದು ಲೋಟ ನೀರು ಹಾಕಿ ಕುಕ್ಕರ್‌ನಲ್ಲಿಡಿ. ಮೊದಲ ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡಿ 40 ನಿಮಿಷ. ಒಳಗೆ 120 ಡಿಗ್ರಿ ಹತ್ತಿರ ಇರುವುದರಿಂದ ಕೊಲಾಜೆನ್ ಬೇಗ ಕರಗುತ್ತದೆ. ಆಮೇಲೆ ವೆಯ್ಟ್ ಎತ್ತಿ ಬುಸ್ ಅಂತ ಹವೆ ಬಿಡಬೇಡಿ. ಒತ್ತಡ ಒಮ್ಮೆಲೇ ಇಳಿದರೆ ಮಾಂಸದ ಒಳಗಿನ ನೀರು ಕುದಿದು ಹೊರಗೆ ಬರುತ್ತದೆ, ಮತ್ತೆ ಒಣಗುತ್ತದೆ. ತಾನಾಗಿ ಇಳಿಯಲಿ.

ಈಗ ಮುಖ್ಯ ಕೆಲಸ. ಬೆಂದ ಮಾಂಸವನ್ನು ಎರಡು ಮೂರು ದೊಡ್ಡ ತುಂಡು ಮಾಡಿ, ಟ್ರೇಯಲ್ಲಿನ ರಸದ ಜೊತೆಗೇ ಪಾತ್ರೆಗೆ ಹಾಕಿ, ಆರಿದ ಮೇಲೆ ಫ್ರಿಜ್‌ಗೆ ಇಡಿ. ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಬೆಳ್ಳಗೆ, ಬೆರಳು ದಪ್ಪ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಚಮಚದ ತುದಿ ತೂರಿಸಿ ಎತ್ತಿದರೆ ಬಿಲ್ಲೆ ಬಿಲ್ಲೆಯಾಗಿ ಬರುತ್ತದೆ. ಅದರ ಕೆಳಗೆ ಕಂದು ಬಣ್ಣದ ರಸ, ಪಾತ್ರೆ ಅಲ್ಲಾಡಿಸಿದರೆ ಜೆಲ್ಲಿಯ ಹಾಗೆ ಅದುರುತ್ತದೆ. ಅದೇ ಜೆಲಾಟಿನ್, ರುಚಿಯೆಲ್ಲ ಅಲ್ಲಿದೆ. ಅದನ್ನು ಚೆಲ್ಲಬೇಡಿ. ಮಾಂಸದ ಹೊರಗೆ, ಪದರದ ನಡುವೆ ಅಂಟಿಕೊಂಡ ಬಿಳಿ ಕೊಬ್ಬನ್ನೂ ತಣ್ಣಗಿರುವಾಗಲೇ ಚಾಕುವಿನಿಂದ ಬಿಡಿಸಿ. ಬಿಸಿ ಇರುವಾಗ ಇದು ಆಗದ ಕೆಲಸ. ಎಳೆಗೆ ಅಡ್ಡವಾಗಿ ಹೆಚ್ಚಿ, ರಸ ಚಿಮುಕಿಸಿ ಮುಚ್ಚಿ ಬಿಸಿ ಮಾಡಿ. ಕೊನೆಗೆ ಕಾವಲಿ ಮೇಲೆ ಎರಡೂ ಕಡೆ ಸ್ವಲ್ಪ ಕೆಂಪಗೆ ಮಾಡಿದರೆ ರೋಸ್ಟ್ ಘಮವೂ ಬರುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸಿಕ್ಕರೆ ಈ ಹಂತದಲ್ಲಿ ಅರ್ಧ ಚಮಚ. ಎದೆಯುರಿ ಇರುವವರಿಗೆ ಹಾಕಬೇಡಿ.

ಹೀಗೆ ಮಾಡಿದರೂ ಕೊಬ್ಬು ಪೂರ್ತಿ ಹೋಗುವುದಿಲ್ಲ. ಸ್ನಾಯುವಿನ ಒಳಗಿನದು ಅಲ್ಲೇ ಇರುತ್ತದೆ. ಆದರೆ ಅಂಗಡಿಯ ಕರಿ ಪೀಸ್ ಸಾರಿಗೆ ಹೋಲಿಸಿದರೆ ಅಜಗಜಾಂತರ.

ನಿಮ್ಮ ತಂದೆಯ ವಿಷಯ. ಗಾಲ್‌ಬ್ಲಾಡರ್ ಹೋದರೂ ಪಿತ್ತರಸ ತಯಾರಾಗುವುದು ನಿಲ್ಲುವುದಿಲ್ಲ, ಅದನ್ನು ಮಾಡುವುದು ಲಿವರ್. ಮೊದಲು ಅದು ಗಾಲ್‌ಬ್ಲಾಡರ್‌ನಲ್ಲಿ ಕೂಡಿಟ್ಟುಕೊಂಡು, ಜಿಡ್ಡು ಬಂದಾಗ ಒಮ್ಮೆಲೇ ಸುರಿಯುತ್ತಿತ್ತು. ಈಗ ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ಒಂದೇ ಊಟದಲ್ಲಿ ಜಿಡ್ಡು ಜಾಸ್ತಿಯಾದರೆ ಸುಧಾರಿಸಲು ಕಷ್ಟ. ಹೊಟ್ಟೆ ಉಬ್ಬರ, ಕೆಲವರಿಗೆ ಭೇದಿ. ಬಹಳ ಜನರಿಗೆ ಕೆಲವು ತಿಂಗಳಲ್ಲಿ ಇದು ಸರಿಹೋಗುತ್ತದೆ. ನಮ್ಮತ್ತೆಗೆ ಕೊಬ್ಬು ತೆಗೆದ ರೋಸ್ಟ್ ಮೂರು ತೆಳು ಹೋಳು ಏನೂ ಮಾಡುವುದಿಲ್ಲ. ಹೋಳು ಆರಾದರೆ ಮಾತ್ರ ಸಂಜೆ ಓಡಾಟ ಶುರು. ನಿಮ್ಮ ತಂದೆಗೂ ಸುಮಾರು 80 ಗ್ರಾಂನಿಂದ ಶುರು ಮಾಡಿ ನೋಡಿ. ಆಪರೇಷನ್ ಆಗಿ ಇಷ್ಟು ದಿನವಾದರೂ ಏನು ತಿಂದರೂ ಭೇದಿ ಅಂತಿದ್ದರೆ ಡಾಕ್ಟರಿಗೆ ಹೇಳಿ. ಪಿತ್ತರಸದಿಂದ ಆಗುವ ಭೇದಿಗೆ ಔಷಧಿ ಇದೆ, ಸುಮ್ನೆ ಸಹಿಸಿಕೊಳ್ಳಬೇಕಾಗಿಲ್ಲ.

ಇನ್ನು ನಿಮ್ಮ ಐಬಿಎಸ್. ಇಲ್ಲಿ ನಾವೆಲ್ಲ ಪಾಪದ ಹಂದಿಯ ಮೇಲೆ ತಪ್ಪು ಹೊರಿಸುತ್ತೇವೆ. ಮಾಂಸದಲ್ಲಿ ಗ್ಯಾಸ್ ಮಾಡುವ ಸಕ್ಕರೆ ಅಂಶಗಳೇ ಇಲ್ಲ. ಫೋಡ್‌ಮ್ಯಾಪ್ ಅಂತ ಕೇಳಿರಬಹುದು, ಈ ಸಕ್ಕರೆ ಅಂಶಗಳಿಗೇ ಆ ಹೆಸರು. ಅವನ್ನು ಕಡಿಮೆ ಮಾಡುವ ಆಹಾರ ಪದ್ಧತಿ ರೂಪಿಸಿದವರು ಆಸ್ಟ್ರೇಲಿಯಾದ ಮೊನ್ಯಾಶ್ ಯುನಿವರ್ಸಿಟಿಯವರು. ಆ ಲೆಕ್ಕದಲ್ಲಿ ಮೊದಲ ಆರೋಪಿಗಳು ಈರುಳ್ಳಿ, ಬೆಳ್ಳುಳ್ಳಿ. ಇವುಗಳಲ್ಲಿನ ಫ್ರಕ್ಟನ್ ಅನ್ನುವ ಅಂಶ ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ ಆಗುತ್ತದೆ. ಒಂದು ಕೆಜಿ ಪೋರ್ಕ್ ಸಾರಿಗೆ ನಾವು ಹಾಕುವ ಈರುಳ್ಳಿ, ಬೆಳ್ಳುಳ್ಳಿ ಎಷ್ಟು ಅಂತ ಒಮ್ಮೆ ಯೋಚಿಸಿ.

ಫ್ರಕ್ಟನ್ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಅದಕ್ಕೇ ಈರುಳ್ಳಿಯನ್ನು ಸಾರಿನಲ್ಲಿ ಇಡಿಯಾಗಿ ಬೇಯಿಸಿ ಆಮೇಲೆ ತೆಗೆದರೆ ಪ್ರಯೋಜನ ಇಲ್ಲ, ಕೆಡುಕು ಆಗಲೇ ಸಾರಿಗೆ ಇಳಿದಿರುತ್ತದೆ. ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳನ್ನು ಹೊಂಬಣ್ಣ ಬರುವ ತನಕ ಹುರಿದು, ಎಸಳು ತೆಗೆದು, ಆ ಎಣ್ಣೆ ಬಳಸಿ. ಘಮ ಸಿಗುತ್ತದೆ, ಗ್ಯಾಸ್ ಇಲ್ಲ. ಆ ಎಣ್ಣೆ ಅವತ್ತಿಗೆ ಬೇಕಾದಷ್ಟೇ ಮಾಡಿ, ಬಾಟಲಿಯಲ್ಲಿ ತುಂಬಿ ಹೊರಗೆ ಇಡಬೇಡಿ, ಅಪಾಯದ ಬ್ಯಾಕ್ಟೀರಿಯಾ ಬೆಳೆಯಬಹುದು. ಈರುಳ್ಳಿ ಹೂವಿನ ಹಸಿರು ಭಾಗ ಹಾಕಬಹುದು, ಬಿಳಿ ಗೆಡ್ಡೆ ಬೇಡ. ಒಂದು ಚಿಟಿಕೆ ಇಂಗೂ ಆಗುತ್ತದೆ. ಆದರೆ ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ (ಗೋಧಿಯ ಗ್ಲುಟೆನ್ ಆಗದ ಕಾಯಿಲೆ) ಇದ್ದರೆ ಇಂಗಿನ ಡಬ್ಬಿ ತಿರುಗಿಸಿ ಓದಿ, ಕಟ್ಟಿನ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಈರುಳ್ಳಿ, ಬೆಳ್ಳುಳ್ಳಿ ಬಿಡುವುದನ್ನು ಜೀವಮಾನದ ಪಥ್ಯ ಮಾಡಿಕೊಳ್ಳಬೇಡಿ. ಎರಡರಿಂದ ಆರು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸ್ ಸೇರಿಸಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ನೋಡುವುದು ಕ್ರಮ. ಡಯಟೀಷಿಯನ್ ಜೊತೆ ಮಾಡಿದರೆ ಒಳ್ಳೆಯದು. ನನಗೆ ಈರುಳ್ಳಿ ಸ್ವಲ್ಪ ಪರವಾಗಿಲ್ಲ, ಬೆಳ್ಳುಳ್ಳಿ ಖಂಡಿತ ಇಲ್ಲ. ನಿಮ್ಮದು ಬೇರೆ ಇರಬಹುದು.

ಜೊತೆಗೆ ಏನು ಅಂತ ಕೇಳಿದರೆ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ), ಅಕ್ಕಿರೊಟ್ಟಿ, ಇಲ್ಲವೇ ಅನ್ನ. ಅಕ್ಕಿ ಹೊಟ್ಟೆಗೆ ಹಗುರ. ಪರೋಟ, ಪಾವ್ ಜೊತೆ ತಿಂದು ಪೋರ್ಕ್ ಆಗಲಿಲ್ಲ ಅನ್ನಬೇಡಿ, ಗೋಧಿಯಲ್ಲೂ ಫ್ರಕ್ಟನ್ ಇದೆ. ನಮ್ಮ ಊರಲ್ಲಿ ಪಂದಿ ಕರಿ ಜೊತೆ ಮೂರು ಪೆಗ್ ಹಾಕಿ, ರಾತ್ರಿ ಹನ್ನೊಂದಕ್ಕೆ ಉಂಡು ಹಾಗೇ ಮಲಗಿ, ಮರುದಿನ ಪಂದಿಯನ್ನು ಬೈಯುವ ಸಂಪ್ರದಾಯ ಇದೆ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇಲ್ಲದಿದ್ದರೆ ಹುಳಿತೇಗು ಬಂದೇ ಬರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಪೋರ್ಕ್ ಈಗ ಮಧ್ಯಾಹ್ನದ ಊಟ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಕಣ್ಣು ಹಳದಿ, ಇವೇನಾದರೂ ಇದ್ದರೆ ಅದು ಅಡುಗೆಯಿಂದ ಸರಿಹೋಗುವ ವಿಷಯ ಅಲ್ಲ, ಆಸ್ಪತ್ರೆಗೆ ಹೋಗಿ. ಕ್ರೋನ್ಸ್ (ಕರುಳಿನ ಉರಿಯೂತದ ಕಾಯಿಲೆ) ಇದ್ದು ಕರುಳು ಕಿರಿದಾಗಿದೆ ಅಂತ ಹೇಳಿಸಿಕೊಂಡವರೂ ಯಾವ ಮಾಂಸಕ್ಕೂ ಮೊದಲು ಡಾಕ್ಟರನ್ನು ಕೇಳಲಿ.

ಮೊದಲ ಸಲ ಮಾಡುವಾಗ ಒಂದೇ ಸಲಕ್ಕೆ ಎಲ್ಲ ಬದಲಿಸಬೇಡಿ. ಮಸಾಲೆ ಸರಳ ಇರಲಿ, ಜೊತೆಗೆ ಅನ್ನ ಇರಲಿ, ಬೇರೆ ಹೊಸ ಪದಾರ್ಥ ಅವತ್ತು ಬೇಡ. ಆಗ ಹೊಟ್ಟೆ ಏನಾದರೂ ಹೇಳಿದರೆ ಯಾವುದರ ಬಗ್ಗೆ ಹೇಳುತ್ತಿದೆ ಅಂತ ಗೊತ್ತಾಗುತ್ತದೆ. ತೆಗೆದಿಟ್ಟ ಕೊಬ್ಬನ್ನು ಎಸೆಯಬೇಕಾಗಿಲ್ಲ. ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಮನೆಯಲ್ಲಿ ಕಲ್ಲು ತಿಂದರೂ ಕರಗಿಸುವವರು ಯಾರಾದರೂ ಇದ್ದೇ ಇರುತ್ತಾರೆ, ಅವರಿಗೆ ಅದರಲ್ಲಿ ಆಲೂಗಡ್ಡೆ ಹುರಿದುಕೊಡಿ.