ಮಾಂಸವಿಲ್ಲದ ಒಂಬತ್ತು ದಿನ, ಗೋಧಿಯಿಲ್ಲದ ಅಡುಗೆ
ಓದುಗರ ಪ್ರಶ್ನೆ, ಆಹಾರತಜ್ಞರ ಉತ್ತರ

ಪ್ರಶ್ನೆ: ಮಾನ್ಯರೇ, ಮೈಸೂರಿನ ಗೋಕುಲಂ ಬಡಾವಣೆಯಲ್ಲಿ ನಮ್ಮ ಮನೆಯ ಮಹಡಿಯ ಕೋಣೆಗಳನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಬಾಡಿಗೆಗೆ ಕೊಡುತ್ತೇವೆ; ಬೇಕೆಂದವರಿಗೆ ಊಟವನ್ನೂ ಮಾಡಿಕೊಡುತ್ತೇವೆ. 2026ರ ಜುಲೈ ತಿಂಗಳಿಗೆ ಕೋಣೆ ಕಾಯ್ದಿರಿಸಿರುವ ಯಹೂದಿ ಮಹಿಳೆಯೊಬ್ಬರು, ಆ ತಿಂಗಳ ನಡುವೆ ತಮ್ಮ ಧರ್ಮದ ಶೋಕದ ಒಂಬತ್ತು ದಿನಗಳು ಬರುವುದರಿಂದ ಮಾಂಸವನ್ನೂ ದ್ರಾಕ್ಷಾರಸವನ್ನೂ ಮುಟ್ಟುವುದಿಲ್ಲವೆಂದೂ, ಕೊನೆಯ ದಿನ ನೀರನ್ನೂ ಕುಡಿಯದೆ ಉಪವಾಸವಿರುವುದಾಗಿಯೂ ಬರೆದಿದ್ದಾರೆ. ಅವರಿಗೆ ಸೀಲಿಯಾಕ್ ಕಾಯಿಲೆ ಇದೆ, ಹಾಲೂ ಒಗ್ಗುವುದಿಲ್ಲ. ನಮ್ಮದು ಮೊಟ್ಟೆಯನ್ನೂ ತರದ ಮನೆ. ಮಾಂಸವಿಲ್ಲದ ಅಡುಗೆ ನಮ್ಮ ನಿತ್ಯದ ಅಡುಗೆಯೇ ಅಲ್ಲವೇ ಎಂದು ಧೈರ್ಯವಾಗಿ ಒಪ್ಪಿಕೊಂಡಿದ್ದೇನೆ. ಇನ್ನೇನನ್ನಾದರೂ ಗಮನಿಸಬೇಕೇ?
– ಗೃಹಿಣಿ, ಗೋಕುಲಂ, ಮೈಸೂರು

ಉತ್ತರ: ಒಪ್ಪಿಕೊಂಡದ್ದು ಒಳ್ಳೆಯದೇ ಆಯಿತು. ಆದರೆ ನಿಮ್ಮ ಧೈರ್ಯಕ್ಕೆ ಕೊಟ್ಟಿರುವ ಕಾರಣ ಮಾತ್ರ ಸಾಲದು. ಮಾಂಸವನ್ನು ಬಿಡುವುದು ಆ ಮಹಿಳೆಗೂ ದೊಡ್ಡ ಕಷ್ಟವಲ್ಲ. ಒಂಬತ್ತು ದಿನ ಮಾಂಸ ತಿನ್ನದಿದ್ದರೆ ಯಾರ ಆರೋಗ್ಯವೂ ಕೆಡುವುದಿಲ್ಲ. ಸಾಮಾನ್ಯವಾಗಿ ಆ ದಿನಗಳಲ್ಲಿ ಯಹೂದಿ ಮನೆಗಳಲ್ಲಿ ಮಾಂಸದ ಜಾಗವನ್ನು ತುಂಬುವುದು ಚೀಸು, ಮೊಸರು, ಬ್ರೆಡ್ಡು, ಪಾಸ್ತಾಗಳು, ಅಂದರೆ ಗೋಧಿ ಮತ್ತು ಹಾಲು. ನಿಮ್ಮ ಅತಿಥಿಗೆ ಈ ಎರಡೂ ಆಗದಿರುವುದರಿಂದಲೇ ಅವರು ಮುಂಚಿತವಾಗಿ ಪತ್ರ ಬರೆದಿರುವುದು.

ಈ ಶೋಕ ಒಂದು ಮನೆಯ ಸಾವಿಗೆ ಸಂಬಂಧಿಸಿದ ಸೂತಕವಲ್ಲ. ಜೆರುಸಲೇಮಿನ ಮೊದಲ ದೇವಾಲಯವನ್ನು ಕ್ರಿಸ್ತಪೂರ್ವ 586ರಲ್ಲಿ ಬ್ಯಾಬಿಲೋನಿನವರೂ, ಎರಡನೆಯದನ್ನು ಕ್ರಿಸ್ತಶಕ 70ರಲ್ಲಿ ರೋಮನ್ನರೂ ನಾಶಮಾಡಿದ್ದರ ನೆನಪಿನಲ್ಲಿ ಇಡೀ ಸಮುದಾಯ ಆಚರಿಸುವ ದುಃಖವಿದು. ತಮ್ಮೂಜ್ ತಿಂಗಳ 17ರಿಂದ ಮೂರು ವಾರ ಇದು ನಡೆದು, ಆವ್ ತಿಂಗಳ ಮೊದಲ ಒಂಬತ್ತು ದಿನಗಳಲ್ಲಿ ಬಿಗಿಯಾಗುತ್ತದೆ. ಅವರ ತಿಂಗಳೂ ನಮ್ಮ ಚಾಂದ್ರಮಾನದಂತೆ ಅಮಾವಾಸ್ಯೆಯನ್ನು ಅನುಸರಿಸಿ ಆರಂಭವಾಗುವುದರಿಂದ, 2026ರಲ್ಲಿ ಈ ಒಂಬತ್ತು ದಿನಗಳು ಜುಲೈ 14ರ ಸೂರ್ಯಾಸ್ತದಿಂದ 23ರ ರಾತ್ರಿಯವರೆಗೆ, ಹೆಚ್ಚುಕಡಿಮೆ ನಮ್ಮ ಆಷಾಢದ ಶುಕ್ಲಪಕ್ಷದ ಜೊತೆಜೊತೆಗೇ ಸಾಗುತ್ತವೆ. ಪೂರ್ವ ಯುರೋಪಿನ ಮೂಲದವರು ಒಂಬತ್ತು ದಿನವೂ ಮಾಂಸ ಬಿಟ್ಟರೆ, ಸ್ಪೇನ್ ಮತ್ತು ಅರಬ್ ನಾಡುಗಳ ಮೂಲದ ಕೆಲವರು ಉಪವಾಸ ಬೀಳುವ ವಾರದಲ್ಲಿ ಮಾತ್ರ ಬಿಡುವುದುಂಟು. ಚಾತುರ್ಮಾಸ್ಯದ ಶಾಕವ್ರತ, ಕ್ಷೀರವ್ರತಗಳನ್ನು ಮನೆಮನೆಗೊಂದು ರೀತಿಯಲ್ಲಿ ಪಾಲಿಸುವುದನ್ನು ಕಂಡಿರುವ ನಿಮಗೆ ಈ ವ್ಯತ್ಯಾಸ ವಿಚಿತ್ರವೆನಿಸಲಾರದು.

ಈಗ ನಿಮ್ಮ ಅಡುಗೆಮನೆಯ ಮಾತಿಗೆ ಬರೋಣ. ಸೀಲಿಯಾಕ್ ಇರುವವರ ಸಣ್ಣ ಕರುಳಿನ ಒಳಪದರವು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಸಸಾರಜನಕದಿಂದ ಹಾನಿಗೊಳ್ಳುತ್ತದೆ. ಪ್ರಮಾಣ ಎಷ್ಟು ಚಿಕ್ಕದಾದರೂ ‘ಸ್ವಲ್ಪ ತಾನೇ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟೆನ್‌ಮುಕ್ತ ಎಂದು ಚೀಟಿ ಹಚ್ಚಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಚಪಾತಿ, ರವೆ ಇಡ್ಲಿ, ಉಪ್ಪಿಟ್ಟು, ಅಂಗಡಿಯ ಶಾವಿಗೆ ಇವೆಲ್ಲ ಆಗದೆಂದು ನಿಮಗೇ ತಿಳಿದಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಹಿತವೆಂದು ಹಲವರು ಕೊಳ್ಳುವ ಜವೆ ಗೋಧಿಯೂ ಗೋಧಿಯೇ. ಆದರೆ ನನಗೆ ಹೆಚ್ಚು ಭಯವಿರುವುದು ಇಂಗಿನ ಬಗ್ಗೆ. ಅಂಗಡಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಅಂಟು ಮತ್ತು ಹಿಟ್ಟು ಬೆರೆಸಿ ಹದಮಾಡಿದ್ದು, ಆ ಹಿಟ್ಟು ಬಹಳ ಸಲ ಮೈದಾ ಆಗಿರುತ್ತದೆ. ಒಗ್ಗರಣೆಗೆ ಇಂಗು ಹಾಕುವುದನ್ನು ನೀವು ನಿಲ್ಲಿಸಿದರೂ, ಕಳೆದ ತಿಂಗಳು ಮಾಡಿಟ್ಟ ಸಾರಿನ ಪುಡಿಯಲ್ಲಿ, ಪುಳಿಯೋಗರೆ ಗೊಜ್ಜಿನಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳದಲ್ಲಿ ಅದು ಆಗಲೇ ಸೇರಿಕೊಂಡಿರುತ್ತದೆ. ಆದ್ದರಿಂದ ಅತಿಥಿಗಾಗಿ ಒಂದು ಡಬ್ಬಿ ಸಾರಿನ ಪುಡಿಯನ್ನು ಇಂಗಿಲ್ಲದೆ ಬೇರೆಯಾಗಿಯೇ ಮಾಡಿಡಿ, ಅಥವಾ ಅಕ್ಕಿಹಿಟ್ಟಿನಿಂದ ಮಾಡಿದ್ದೆಂದು ಚೀಟಿಯ ಮೇಲೆ ಸ್ಪಷ್ಟವಾಗಿ ಬರೆದಿರುವ ಇಂಗನ್ನೇ ತನ್ನಿ.

ಎರಡನೆಯ ಅಪಾಯ ಹಿಟ್ಟಿನ ಗಿರಣಿಯದು. ರಾಗಿಯಲ್ಲಿ, ಅಕ್ಕಿಯಲ್ಲಿ, ಕಡಲೆಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಯಂತ್ರದಲ್ಲೇ ರಾಗಿಯನ್ನೂ ಬೀಸಿದರೆ ಆ ಹಿಟ್ಟು ಅವರಿಗೆ ಹೊಂದುವುದಿಲ್ಲ. ಯಂತ್ರಗಳು ಬೇರೆಬೇರೆಯಿದ್ದರೂ ಗಿರಣಿಯೊಳಗಿನ ಹಿಟ್ಟಿನ ದೂಳು ಎಲ್ಲದರ ಮೇಲೂ ಕೂರುತ್ತದೆ. ಒಬ್ಬರ ಊಟಕ್ಕೆ ಬೇಕಾಗುವಷ್ಟು ಅಕ್ಕಿಯನ್ನೂ ರಾಗಿಯನ್ನೂ ತೊಳೆದು, ಒಣಗಿಸಿ, ಮನೆಯ ಮಿಕ್ಸಿಯಲ್ಲೇ ಪುಡಿಮಾಡಿ ಜರಡಿ ಹಿಡಿಯುವುದು ಕಷ್ಟವಾದರೂ ಸರಿಯಾದ ದಾರಿ, ಜರಡಿಯೂ ಹೊಸದಾಗಿರಲಿ.

ಇಷ್ಟೆಲ್ಲ ಓದಿ ನೀವು ಗಾಬರಿಯಾಗುವ ಅಗತ್ಯವಿಲ್ಲ, ಏಕೆಂದರೆ ನಿಮ್ಮ ಸಮಸ್ಯೆಯ ಬಹುಪಾಲಿಗೆ ಮಂಡ್ಯದ ಹಳ್ಳಿಯ ಅಡುಗೆಯಲ್ಲಿ ಉತ್ತರ ಸಿದ್ಧವಾಗಿದೆ. ಬಸ್ಸಾರು ಮತ್ತು ಉಪ್ಪೆಸರಿಗೆ ಇಂಗು ಬೇಡ, ಹಾಲುಮೊಸರು ಬೇಡ, ಹಿಟ್ಟು ಬೇಡ. ಕಾಳು ಮತ್ತು ಸೊಪ್ಪನ್ನು ಬೇಯಿಸಿ, ಬಸಿದು, ಬೆಳ್ಳುಳ್ಳಿ ಮೆಣಸಿನಕಾಯಿಯ ಖಾರ ಕೂಡಿಸಿದರೆ ಮುಗಿಯಿತು. ಜೊತೆಗೆ ಮುದ್ದೆ ಇದ್ದರೆ ಹಾಲು ಕುಡಿಯದವರ ಸುಣ್ಣದಂಶದ ಚಿಂತೆಯೂ ತಕ್ಕಮಟ್ಟಿಗೆ ನೀಗುತ್ತದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅದು ವಯಸ್ಕರ ದಿನದ ಅಗತ್ಯದ ಮೂರನೆಯ ಒಂದು ಭಾಗ. ಸಸಾರಜನಕದ ವಿಷಯದಲ್ಲಿ ಮೈಸೂರಿನ ತಿಳಿಸಾರನ್ನು ನಂಬಬೇಡಿ, ಅದರಲ್ಲಿ ಬೇಳೆಗಿಂತ ಬೇಳೆಯ ಕಟ್ಟೇ ಹೆಚ್ಚು. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಸಸಾರಜನಕ ಬೇಕು. 100 ಗ್ರಾಂ ತೊಗರಿಬೇಳೆಯಲ್ಲಿ ಇರುವುದು ಸುಮಾರು 22 ಗ್ರಾಂ ಆದ್ದರಿಂದ, ಎರಡು ಹೊತ್ತೂ ಗಟ್ಟಿಯಾದ ಬೇಳೆ ಅಥವಾ ಕಾಳು, ಬೆಳಗ್ಗೆ ಇಡ್ಲಿ ಅಥವಾ ಒತ್ತು ಶಾವಿಗೆಯ ಜೊತೆ ಕಡಲೆಬೀಜದ ಚಟ್ನಿ, ಸಂಜೆಗೆ ಹೆಸರುಬೇಳೆ ಕೋಸಂಬರಿ ಎಂದು ಹಂಚಿಕೊಳ್ಳಿ. ಕಾಫಿಗೆ ಕಾಯಿಹಾಲು ಹಿಡಿಸುವುದೇ ಎಂದು ಅವರನ್ನೇ ಕೇಳಿ. ನನ್ನ ಅಭಿಪ್ರಾಯದಲ್ಲಿ ಹಿಡಿಸುವುದಿಲ್ಲ. ಹಾಲು ಒಗ್ಗದಿರುವುದು ಹಾಲಿನ ಸಕ್ಕರೆಯ ಜೀರ್ಣದ ತೊಂದರೆಯೋ ಹಾಲಿನ ಅಲರ್ಜಿಯೋ ಎಂಬುದನ್ನೂ ಕೇಳಿ ತಿಳಿಯಿರಿ. ಮೊದಲಿನದಾದರೆ ತುಪ್ಪದ ಒಗ್ಗರಣೆ ಸಾಮಾನ್ಯವಾಗಿ ತೊಂದರೆ ಕೊಡದು, ಎರಡನೆಯದಾದರೆ ತುಪ್ಪವೂ ಬೇಡ.

ಅವರೆಕಾಳಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕೆನಿಸುತ್ತದೆ. ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲೆಸಿ ಮರಾಠಿಯನ್ನೇ ಮನೆಮಾತಾಗಿಸಿಕೊಂಡ ಬೆನೆ ಇಸ್ರೇಲ್ ಯಹೂದಿಗಳು ಈ ಉಪವಾಸವನ್ನು ಮುಗಿಸುವುದು ಬಿರ್ಡೆ ಎಂಬ ಪದಾರ್ಥದಿಂದ, ಅಂದರೆ ಮೊಳಕೆ ಬರಿಸಿ ಸಿಪ್ಪೆ ಸುಲಿದ ಅವರೆಕಾಳಿನ ಸಾರಿನಿಂದ. ಆ ದಿನವನ್ನು ಅವರು ಬಿರ್ಡೆಯ ಹಬ್ಬವೆಂದೇ ಕರೆಯುತ್ತಾರೆ. ನಮ್ಮ ಹಿದುಕಿದ ಅವರೆಗೂ ಅದಕ್ಕೂ ಅಂತರ ಬಹಳವಿಲ್ಲ. ಜುಲೈನಲ್ಲಿ ಸೊನೆಯ ಅವರೆ ಸಿಗದಿದ್ದರೂ ದೇವರಾಜ ಮಾರುಕಟ್ಟೆಯಲ್ಲಿ ಒಣಗಿದ ಕಾಳು ಸಿಗುತ್ತದೆ. ನೆನೆಸಿ, ಮೊಳಕೆ ಕಟ್ಟಿ, ಹಿದುಕಿ, ತೆಂಗಿನಕಾಯಿ ಅರೆದು ಹಾಕಿ ಮಾಡಿದರೆ ನಿಮ್ಮ ಅತಿಥಿಗೆ ಅವರ ಆಚರಣೆಗೂ ದೇಹಕ್ಕೂ ಒಪ್ಪುವ ಊಟವಾಗುತ್ತದೆ.

ಇನ್ನು ಕೋಷರ್, ಅಂದರೆ ಯಹೂದಿ ಧರ್ಮದ ಆಹಾರ ನಿಯಮಗಳು. ಕಟ್ಟುನಿಟ್ಟಿನವರು ಬೇರೆಯವರು ಬಳಸಿದ ಪಾತ್ರೆಯಲ್ಲಿ ಉಣ್ಣುವುದಿಲ್ಲ. ಅಡುಗೆಯಲ್ಲಿ ಯಹೂದಿಯೊಬ್ಬರ ಪಾಲು, ಕಡೆಯಪಕ್ಷ ಒಲೆ ಹಚ್ಚುವುದಾದರೂ, ಇರಬೇಕೆನ್ನುತ್ತಾರೆ. ಸೊಪ್ಪಿನಲ್ಲಿ, ಕಾಳಿನಲ್ಲಿ ಒಂದು ಹುಳುವೂ ಇರಕೂಡದು. ಹೊಸದೊಂದು ಸ್ಟೀಲ್ ಪಾತ್ರೆ, ಸೌಟು, ತಟ್ಟೆಗಳನ್ನು ಕೊಂಡು ಒಂದು ಸಣ್ಣ ವಿದ್ಯುತ್ ಒಲೆಯನ್ನು ಅವರ ಕೋಣೆಯಲ್ಲಿಯೇ ಇಟ್ಟುಕೊಟ್ಟರೆ ಕೋಷರ್, ಗ್ಲುಟೆನ್ ಎರಡರ ತೊಡಕೂ ಒಟ್ಟಿಗೇ ಕಳೆಯುತ್ತದೆ, ನಿಮ್ಮ ಅಡುಗೆಮನೆಗೆ ಮೊಟ್ಟೆಯೂ ಬರುವುದಿಲ್ಲ. ಮತ್ತೊಂದು ಮಾತನ್ನು ದಯವಿಟ್ಟು ತಪ್ಪು ತಿಳಿಯಬೇಡಿ: ದೇವರಿಗೆ ನೈವೇದ್ಯ ಮಾಡಿದ ಆಹಾರವನ್ನು ಸೇವಿಸಲು ಯಹೂದಿ ಧರ್ಮಶಾಸ್ತ್ರದಲ್ಲಿ ಅನುಮತಿಯಿಲ್ಲ. ಈ ಒಂಬತ್ತು ದಿನಗಳ ನಡುವೆ, ಜುಲೈ 17ರಂದು, ಆಷಾಢ ಶುಕ್ರವಾರ ಬರುತ್ತದೆ. ಅಂದು ಅವರ ಪಾಲನ್ನು ನೈವೇದ್ಯಕ್ಕೆ ಮೊದಲೇ ತೆಗೆದಿಡಿ, ಬೆಟ್ಟದ ಪ್ರಸಾದವನ್ನು ಪ್ರೀತಿಯಿಂದಲೇ ಆದರೂ ಒತ್ತಾಯಿಸಬೇಡಿ. ಅದೇ ಸಂಜೆ ಸೂರ್ಯಾಸ್ತಕ್ಕೆ ಅವರ ವಾರದ ವಿಶ್ರಾಂತಿಯ ದಿನವೂ ಆರಂಭವಾಗಿ ಶನಿವಾರ ರಾತ್ರಿಯವರೆಗೆ ಒಲೆ ಹಚ್ಚುವಂತಿಲ್ಲದ ಕಾರಣ, ಶನಿವಾರದ ಊಟವೂ ಶುಕ್ರವಾರವೇ ಸಿದ್ಧವಾಗಿರಬೇಕು.

ಉಪವಾಸಕ್ಕೆ ಮುಂಚಿನ ಕೊನೆಯ ಊಟ, ಅಂದರೆ 22ರ ಸಂಜೆಯದು, ನಿಮ್ಮ ಆತಿಥ್ಯವನ್ನು ಪರೀಕ್ಷಿಸುತ್ತದೆ. ಅದರಲ್ಲಿ ಬೇಯಿಸಿದ ಪದಾರ್ಥಗಳು ಎರಡು ಇರಕೂಡದು. ಅನ್ನದ ಜೊತೆ ಸಾರು, ಪಲ್ಯ, ಕೂಟು ಎಂದು ನೀವು ಬಡಿಸಿದಷ್ಟೂ ಅದು ಅವರಿಗೆ ತಪ್ಪಾಗುತ್ತದೆ. ರೊಟ್ಟಿಯನ್ನೂ, ಬೂದಿ ಸೋಕಿಸಿದ ಬೇಯಿಸಿದ ಮೊಟ್ಟೆಯನ್ನೂ ನೆಲದ ಮೇಲೆ ಕುಳಿತು ತಿನ್ನುವುದು ಪದ್ಧತಿ. ಗೋಧಿಯ ಬ್ರೆಡ್ಡಿಗೆ ಬದಲು ಏನೆಂಬುದನ್ನು ಅವರೇ ತೀರ್ಮಾನಿಸಲಿ. ಹೊಟ್ಟೆ ತುಂಬುವ ಊಟವನ್ನು ಅಂದು ಮಧ್ಯಾಹ್ನವೇ, ಉಪ್ಪುಖಾರ ಕಡಿಮೆ ಮಾಡಿ ಬಡಿಸಿ, ದಿನವಿಡೀ ನೀರು ಕುಡಿಯುವಂತೆ ನೆನಪಿಸಿ. ಸುಮಾರು 25 ಗಂಟೆಗಳ ಉಪವಾಸ ಮುಗಿದ ಮೇಲೆ ಎಳನೀರು, ಉಪ್ಪು ಹಾಕಿದ ಅಕ್ಕಿಗಂಜಿ, ಸ್ವಲ್ಪ ಹೊತ್ತಿನ ನಂತರ ಅವರೆಕಾಳಿನ ಸಾರು. ಮರುದಿನದ ನಡುಹಗಲಿನವರೆಗೂ ಮಾಂಸವಿಲ್ಲ ಎಂಬ ರೂಢಿಯಿದೆ; ನಿಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ನನ್ನ ಮಗಳು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾಳೆ. ಅವಳು ನೋಡಿಕೊಳ್ಳುವ ಹಿರಿಯರು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾರೆ. ಈ ಮಾಂಸವಿಲ್ಲದ ದಿನಗಳಲ್ಲಿ ಹೋದ ವರ್ಷ ಸಕ್ಕರೆ ಬಹಳ ಏರಿತ್ತಂತೆ. ಈಗ ಕೊನೆಯ ದಿನದ ಉಪವಾಸವನ್ನೂ ಮಾಡುತ್ತೇನೆಂದು ಹಟ ಹಿಡಿದಿದ್ದಾರಂತೆ. ಮಗಳು ಏನು ಮಾಡಬೇಕು?
– ಓದುಗರು, ಮಂಡ್ಯ

ಉತ್ತರ: ಸಕ್ಕರೆ ಏರಿದ್ದಕ್ಕೆ ಮಾಂಸ ಬಿಟ್ಟದ್ದು ಕಾರಣವಾಗಿರಲಾರದು, ಅದರ ಬದಲಿಗೆ ಬಂದದ್ದು ಕಾರಣವಾಗಿರಬಹುದು. ಕೋಳಿಯ ಜಾಗಕ್ಕೆ ಪಾಸ್ತಾ, ಚೀಸು ತುಂಬಿದ ಕರಿದ ತಿನಿಸು, ಆಲೂಗಡ್ಡೆ ಬಂದರೆ ಪಿಷ್ಟ ಒಮ್ಮೆಲೇ ಹೆಚ್ಚುತ್ತದೆ, ಇನ್ಸುಲಿನ್ ಪ್ರಮಾಣವಾದರೋ ಹಳೆಯದೇ ಇರುತ್ತದೆ. ಚನ್ನಂಗಿಬೇಳೆ ಯಹೂದಿಗಳಲ್ಲಿ ಹಿಂದಿನಿಂದಲೂ ಶೋಕದ ಆಹಾರವೇ ಆಗಿದೆ. ನಿಮ್ಮ ಮಗಳು ಮಂಡ್ಯದ ಕೈಯಳತೆಯಲ್ಲಿ ಬೇಳೆ ಹೆಚ್ಚು, ಅನ್ನ ಕಡಿಮೆ ಎಂಬಂತೆ ಅದನ್ನು ಮಾಡಿಕೊಟ್ಟರೆ ಆ ಹಿರಿಯರು ಬೇಡವೆನ್ನಲಾರರು. ಮೊಟ್ಟೆ, ಸಕ್ಕರೆ ಹಾಕದ ಮೊಸರು, ಅವರ ಮನೆಯಲ್ಲಿ ರೂಢಿಯಿದ್ದರೆ ಮೀನು, ಇವೂ ಆಗುತ್ತವೆ. ಮೂತ್ರಪಿಂಡದ ತೊಂದರೆಯೂ ಇದ್ದರೆ ಮಾತ್ರ ಬೇಳೆಕಾಳಿನ ಅಳತೆಯನ್ನು ವೈದ್ಯರೇ ಹೇಳಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರಾಗಿದ್ದರೆ ಸೊಪ್ಪಿನ ಪ್ರಮಾಣವನ್ನು ಹಠಾತ್ತಾಗಿ ಹೆಚ್ಚಿಸಬಾರದು, ಸೊಪ್ಪಿನಲ್ಲಿರುವ ಕೆ ಜೀವಸತ್ವವು ಆ ಔಷಧದ ಪ್ರಭಾವವನ್ನು ತಗ್ಗಿಸುತ್ತದೆ.

ಉಪವಾಸದ ವಿಷಯದಲ್ಲಿ ಅವರ ಧರ್ಮಶಾಸ್ತ್ರವೇ ನಿಮ್ಮ ಮಗಳ ಪಕ್ಷದಲ್ಲಿದೆ. ಅವರ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಉಪವಾಸದಿಂದ ವಿನಾಯಿತಿ ಸಿಗಬೇಕಾದರೆ ಪ್ರಾಣಕ್ಕೆ ಅಪಾಯವಿರಬೇಕು, ಆವ್ ತಿಂಗಳ ಒಂಬತ್ತನೆಯ ದಿನದ ಉಪವಾಸವಾದರೋ ಪ್ರಾಣಾಪಾಯವಿಲ್ಲದ ರೋಗಿಗೂ ಕಡ್ಡಾಯವಲ್ಲ. ಆದರೆ ಇದನ್ನು ಅವಳು ಹೇಳುವುದಕ್ಕಿಂತ ಅವರ ಧರ್ಮಗುರುವಾದ ರಬ್ಬಿಯ ಬಾಯಿಂದ ಕೇಳಿಸುವುದು ಉತ್ತಮ. ಎಂಬತ್ತರ ಹಿರಿಯರಾಗಲಿ ಅರವತ್ತರವರಾಗಲಿ, ಕೆಲಸಕ್ಕೆ ಬಂದ ಹುಡುಗಿಯ ಮಾತಿಗೆ ವ್ರತ ಬಿಡುವವರು ವಿರಳ. ಅವರ ಮಕ್ಕಳಿಗೆ ವಾರ ಮೊದಲೇ ವಿಷಯ ತಿಳಿಸಿ, ವೈದ್ಯರು ಮತ್ತು ರಬ್ಬಿ ಇಬ್ಬರ ಮಾತನ್ನೂ ಮನೆಯವರ ಎದುರಿನಲ್ಲೇ ಕೇಳಿಸಿಕೊಳ್ಳಲಿ. ಇನ್ಸುಲಿನ್ ಪ್ರಮಾಣವನ್ನು ತಾನಾಗಿ ಎಂದೂ ಬದಲಿಸದಿರಲಿ. ಅಷ್ಟರ ಮೇಲೂ ಉಪವಾಸ ನಡೆದರೆ ಸಕ್ಕರೆಯನ್ನು ಆಗಾಗ ಪರೀಕ್ಷಿಸುತ್ತಿದ್ದು, 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕು. ಇಳಿದಾಗ ಪ್ರಜ್ಞೆಯಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಅಲ್ಲಿನ ತುರ್ತು ಸೇವೆಯ 101 ಸಂಖ್ಯೆಗೆ ಕರೆಮಾಡಬೇಕು.

ಪ್ರಶ್ನೆ: ನಮ್ಮ ಮೆಸ್ಸಿಗೆ ಬರುವ ಯಹೂದಿ ಪ್ರವಾಸಿಗಳು ಈ ದಿನಗಳಲ್ಲಿ ಕುರಿಮಾಂಸ ಬೇಡವೆನ್ನುತ್ತಾರೆ. ಕೋಳಿ ಕೊಡಬಹುದೇ?
– ಮೆಸ್ ನಡೆಸುವವರು, ಶ್ರೀರಂಗಪಟ್ಟಣ

ಉತ್ತರ: ಕೊಡಬಾರದು. ಕೋಳಿಯೂ ಮಾಂಸವೇ, ಕೋಳಿ ಬೇಯಿಸಿದ ರಸದಲ್ಲಿ ಮಾಡಿದ ಸೂಪು, ಅನ್ನಗಳೂ ಹಾಗೆಯೇ. ಮೊಟ್ಟೆಗೆ ಅಡ್ಡಿಯಿಲ್ಲ. ಮೀನನ್ನು ಬಹಳ ಮಂದಿ ತಿನ್ನುತ್ತಾರೆ, ಆದರೆ ರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನಾಗಬೇಕು. ಸಿಗಡಿ ಯಾವ ದಿನವೂ ಆಗುವುದಿಲ್ಲ. ಕುರಿಸಾರು ಕುದಿಸಿದ ಪಾತ್ರೆಯಲ್ಲೇ ಅವರಿಗೆ ಬೇಳೆ ಬೇಯಿಸಬೇಡಿ, ಬೇಯಿಸಿದ್ದರೆ ಬಡಿಸುವ ಮೊದಲೇ ಹೇಳಿಬಿಡಿ.