ಮೊದಲ ಸೀಟಿನಲ್ಲಿ ನಾಲ್ಕರ ಜೋಡಿ ಬಂದರೆ ಆಡಬೇಕಾ?

ಪ್ರಶ್ನೆ: ಸರ, ನಾವು ಜೇವರ್ಗಿ ರಸ್ತೆ ಕಡೆಯ ಗೆಳೆಯರು. ಭಾನುವಾರ ಸಂಜೆ ಹತ್ತು ಮಂದಿ ಸೇರಿ ಲಿಮಿಟ್ ಹೋಲ್ಡೆಮ್ ಪೋಕರ್ ಆಡುತ್ತೇವೆ (ಕೈಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದೆಲೆ, ಬೆಟ್ ಎಷ್ಟು ಅನ್ನೋದು ಮೊದಲೇ ನಿಗದಿ). ರೊಕ್ಕ ಇಲ್ಲ, ತೊಗರಿ ಕಾಳೇ ಚಿಪ್ಸ್. ಮೊದಲೆರಡು ಸುತ್ತಿಗೆ ಬೆಟ್ 2 ಕಾಳು, ಕೊನೆಯೆರಡಕ್ಕೆ 4. ಬ್ಲೈಂಡ್ (ಎಲೆ ನೋಡುವ ಮೊದಲೇ ಕಾಳು ಹಾಕಬೇಕಾದವರು) ಪಕ್ಕದ, ಎಲ್ಲರಿಗಿಂತ ಮೊದಲು ಆಡಬೇಕಾದ ಸೀಟಿನಲ್ಲಿ ಕೂತಾಗ ಕೈಗೆ ಜೋಡಿ ಎಲೆ ಬಂದರೆ ನಾನು ಯಾವುದನ್ನೂ ಬಿಡುವುದಿಲ್ಲ. ಆದರೂ ಕಾಳು ಕರಗುತ್ತಲೇ ಇದೆ. ಎಲ್ಲಿ ತಪ್ಪುತ್ತಿದ್ದೇನೆ? ಮೊಬೈಲ್‌ನಲ್ಲಿ ರೊಕ್ಕ ಹಾಕಿ ಆಡಿದರೆ ಬೇಗ ಕಲಿಯಬಹುದಾ?
- ಓದುಗರು, ಕಲಬುರಗಿ

ಉತ್ತರ: ಕಾಳು ಕರಗುತ್ತಿರುವುದು ಬಹುಶಃ ಸಣ್ಣ ಜೋಡಿಗಳಲ್ಲಿ. ಎರಡರಿಂದ ಆರರವರೆಗಿನ ಜೋಡಿಯನ್ನು ಆ ಸೀಟಿನಿಂದ ಆಡಬೇಕಾ ಬೇಡವಾ ಅನ್ನೋದನ್ನು ನಿಮ್ಮ ಎಲೆ ಹೇಳುವುದಿಲ್ಲ. ನಿಮ್ಮ ನಂತರ ಆಡುವ ಒಂಬತ್ತು ಮಂದಿಯ ಸ್ವಭಾವ ಹೇಳುತ್ತದೆ.

ಲೆಕ್ಕ ನೋಡಿ. ಕೈಯಲ್ಲಿ 4-4 ಇದೆ. ಫ್ಲಾಪ್‌ನ, ಅಂದರೆ ಮೇಜಿನ ಮೇಲೆ ಮೊದಲು ಬೀಳುವ ಮೂರು ಎಲೆಗಳಲ್ಲಿ ಇನ್ನೊಂದು ನಾಲ್ಕು ಬಿದ್ದು ಸೆಟ್ (ಒಂದೇ ಅಂಕೆಯ ಮೂರೆಲೆ) ಆಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ಅಂದರೆ 17 ಸಲ 2 ಕಾಳು ಕೊಟ್ಟು ಒಳಗೆ ಹೋದರೆ 15 ಸಲ ಏನೂ ಸಿಗುವುದಿಲ್ಲ. ಹೋಯಿತು 30 ಕಾಳು. ಉಳಿದೆರಡು ಸಲ ತಲಾ 15 ಕಾಳು ಲಾಭ ಬಂದರೆ ಅಸಲು ಬಂತು, ಅಷ್ಟೇ.

ಆ 15 ಕಾಳು ಎಲ್ಲಿಂದ ಬರಬೇಕು? ನಿಮ್ಮ ಜೊತೆ ಇಬ್ಬರೇ ಬಂದರೆ ಅವರದು 4 ಕಾಳು. ಅದರಲ್ಲೊಬ್ಬ ಪಾಪ ಕೊನೆತನಕ ಕಾಲ್ ಮಾಡಿದ, ಅಂದರೆ ನಿಮ್ಮ ಬೆಟ್‌ಗೆ ಸಮ ಕಾಳು ಹಾಕಿದ ಅಂದುಕೊಳ್ಳಿ. ಫ್ಲಾಪ್‌ಗೆ 2, ಟರ್ನ್‌ಗೆ (ನಾಲ್ಕನೇ ಎಲೆ) 4, ರಿವರ್‌ಗೆ (ಐದನೇ ಎಲೆ) 4. ಒಟ್ಟು 14. ಎಲ್ಲ ಚೆನ್ನಾಗಿ ನಡೆದರೂ ಒಂದು ಕಾಳು ಕಡಿಮೆ! ಐದು ಮಂದಿ ಬಂದಿದ್ದರೆ ಇದೇ ಲೆಕ್ಕ 20 ಆಗುತ್ತದೆ. ಸೆಟ್ ಆದಮೇಲೂ ಯಾರಾದರೂ ಫ್ಲಶ್ (ಒಂದೇ ಜಾತಿಯ ಐದೆಲೆ) ಮಾಡಿ ಹೊಡೆಯುತ್ತಾರಲ್ಲ, ಆ ನಷ್ಟಕ್ಕೆ ಈ ಹೆಚ್ಚಿನ ಕಾಳು ಬೇಕೇ ಬೇಕು.

ಯೂಟ್ಯೂಬ್ ನೋಡಿ ಕಲಿತವರು ಇಲ್ಲೇ ಎಡವುತ್ತಾರೆ. ಅಲ್ಲಿ ತೋರಿಸುವುದು ಹೆಚ್ಚಾಗಿ ನೋ-ಲಿಮಿಟ್, ಅಂದರೆ ಬೆಟ್‌ಗೆ ಮಿತಿಯಿಲ್ಲದ ಆಟ. ಸೆಟ್ ಬಿದ್ದರೆ ಎದುರಿನವನ ಮುಂದಿರುವುದನ್ನೆಲ್ಲ ಬಾಚಬಹುದು. ಲಿಮಿಟ್‌ನಲ್ಲಿ ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದು ಬೆಟ್, ಮೂರು ರೈಸ್ (ಬೆಟ್ ಏರಿಸುವುದು), ಅಲ್ಲಿಗೆ ಮುಗೀತು.

ಸೀಟಿನ ತೊಂದರೆಯೂ ಇದೆ. ನೀವು ಕಾಲ್ ಮಾಡುತ್ತೀರಿ, ಪಕ್ಕದವನು ರೈಸ್ ಮಾಡುತ್ತಾನೆ, ಉಳಿದವರು ಎಲೆ ಎಸೆಯುತ್ತಾರೆ. ಈಗ 4 ಕಾಳು ಕೊಟ್ಟು ಒಬ್ಬನೆದುರು ಕೂತಿದ್ದೀರಿ. ನಾಲ್ಕರ ಜೋಡಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಮಿರ್ಚಿ ಭಜಿ ತಿನ್ನುತ್ತಾ ಎಲ್ಲರೂ ಎಲ್ಲದಕ್ಕೂ ಕಾಲ್ ಅನ್ನುವ ಮೇಜಾದರೆ ಧೈರ್ಯವಾಗಿ ಆಡಿ. ಮಾತೆತ್ತಿದರೆ ರೈಸ್ ಮಾಡುವವರು ಇಬ್ಬರಿದ್ದರೂ ಸಾಕು, ಸುಮ್ನೆ ಎಸೆಯಿರಿ. ಏಳನ್ನೂ ನಾನು ಈ ಗುಂಪಿಗೇ ಸೇರಿಸುತ್ತೇನೆ. ಎಂಟು, ಒಂಬತ್ತಾದರೆ ಬಿಗಿಯಾಗಿ ಆಡುವ ಮೇಜಿನಲ್ಲಿ ರೈಸ್, ಸಡಿಲ ಮೇಜಿನಲ್ಲಿ ಕಾಲ್.

ಒಳಗೆ ಹೋದಿರಿ, ಫ್ಲಾಪ್‌ನಲ್ಲಿ ನಾಲ್ಕು ಬೀಳಲಿಲ್ಲ, ಎದುರು ನಾಲ್ಕೈದು ಮಂದಿ ಬೆಟ್ ಮಾಡುತ್ತಿದ್ದಾರೆ. ಆಗ 'ಇನ್ನೊಂದೆಲೆ ನೋಡೋಣ' ಅನ್ನಬೇಡಿ. ನೀವು ನೋಡದ 47 ಎಲೆಗಳಲ್ಲಿ ನಿಮಗೆ ಬೇಕಾದವು ಎರಡೇ.

ಹತ್ತು ಮತ್ತು ಅದರ ಮೇಲಿನ ಜೋಡಿಗೆ ರೈಸ್ ಮಾಡಿ, ಯೋಚನೆ ಬೇಡ. ಎಕ್ಕದ ಜೋಡಿಯನ್ನು ಬಚ್ಚಿಟ್ಟು ಬರೀ ಕಾಲ್ ಮಾಡುವ ಚಾಳಿ ಕೆಲವರಿಗಿದೆ. ಒಂಬತ್ತೂ ಮಂದಿ ಕೊನೆತನಕ ಬಂದರೂ ಅದು ನೂರಕ್ಕೆ ಸುಮಾರು 31 ಸಲ ಗೆಲ್ಲುತ್ತದೆ. ಹತ್ತರಲ್ಲಿ ಒಬ್ಬರ ಪಾಲು 10 ತಾನೇ? ಹಾಗಿದ್ದಮೇಲೆ ಅವರಿಂದ ಆದಷ್ಟು ಕಾಳು ಮೊದಲೇ ಹಾಕಿಸಬೇಕಲ್ವಾ?

ಗುಲಾಮನ ಜೋಡಿ ಸ್ವಲ್ಪ ತಲೆನೋವು. ಫ್ಲಾಪ್‌ನಲ್ಲಿ ರಾಣಿ, ರಾಜ, ಎಕ್ಕ ಇವುಗಳಲ್ಲಿ ಒಂದಾದರೂ ಬೀಳುವುದು ನೂರಕ್ಕೆ 57 ಸಲ. ಹತ್ತರ ಜೋಡಿಗೆ ಗುಲಾಮನ ಭಯವೂ ಸೇರಿ ಸುಮಾರು 70. ಬಿತ್ತು ಅಂತ ತಕ್ಷಣ ಎಸೆಯಬೇಡಿ. ಎದುರು ಒಬ್ಬಿಬ್ಬರೇ ಇದ್ದರೆ ಬೆಟ್ ಮಾಡಿ, 2 ಕಾಳಿನ ಮಾತು. ಐದು ಮಂದಿ ಇದ್ದು, ಬೆಟ್ ಮೇಲೆ ರೈಸ್ ಬಂದರೆ ಬಿಟ್ಟುಬಿಡಿ.

ಮೊಬೈಲ್ ವಿಷಯಕ್ಕೆ ಉತ್ತರ ಚಿಕ್ಕದು: ಬೇಡ. ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ತೊಗರಿ ಕಾಳಿನಲ್ಲೂ ಲೆಕ್ಕ ಇದೇ.