ಆರನೇ ಪುಟದಿಂದ ಶುರು ಮಾಡಿ

ಆತ್ಮೀಯರೇ,

'ಅಣುಬಾಂಬ್ ಮತ್ತು ಶಾಂತಿ' ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಎರಡೂ ಕಡೆ ಬಾಂಬ್ ಇದ್ದರೆ ಯುದ್ಧ ನಡೆಯದು ಅನ್ನುವುದು ನಿಮ್ಮ ವಾದ. ಅದಕ್ಕೆ ಇದೇ ವಾದ ಮಂಡಿಸಿದ ಅಮೆರಿಕದ ರಾಜ್ಯಶಾಸ್ತ್ರಜ್ಞ ಕೆನೆತ್ ವಾಲ್ಟ್ಸ್ ಅವರನ್ನು ನಾಲ್ಕು ಪುಟ ನೆಚ್ಚಿಕೊಂಡಿದ್ದೀರಿ. ಬಾಂಬ್ ಕಾಯುವ ಸೇನೆಗಳೂ ಎಡವುತ್ತವೆ ಎಂದು ಅವರೊಡನೆ ವಾದಕ್ಕಿಳಿದ ಸ್ಕಾಟ್ ಸೇಗನ್ ಹೆಸರೇ ಇಲ್ಲ. ಜಗಳದಲ್ಲಿ ಒಬ್ಬರ ಮಾತಷ್ಟೇ ಕೇಳಿದ ಹಾಗಾಯಿತು.

ಇನ್ನು ಕಾರ್ಗಿಲ್. ಭಾರತ, ಪಾಕಿಸ್ತಾನ ಎರಡೂ ಅಣುಬಾಂಬ್ ಪರೀಕ್ಷೆ ಮಾಡಿದ್ದು 1998ರ ಮೇನಲ್ಲಿ. ವರ್ಷ ತುಂಬುವಷ್ಟರಲ್ಲಿ ಬೆಟ್ಟದ ಮೇಲೆ ಗುಂಡು ಹಾರುತ್ತಿತ್ತು. ನಮ್ಮವರೇ 500ಕ್ಕೂ ಜಾಸ್ತಿ ಸೈನಿಕರು ಸತ್ತರು. ನೀವು ಅದನ್ನು 'ಸಣ್ಣ ಅಪವಾದ' ಅಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. 1969ರಲ್ಲಿ ಗಡಿಯಲ್ಲಿನ ಉಸ್ಸೂರಿ ನದಿಯ ಹತ್ತಿರ ಚೀನಾ, ಸೋವಿಯತ್ ಪಡೆಗಳೂ ಹೊಡೆದಾಡಿದ್ದವು. ಇಬ್ಬರ ಹತ್ತಿರವೂ ಬಾಂಬ್ ಇತ್ತು.

ಆದರೆ ಆರನೇ ಪುಟದಲ್ಲಿ ಒಂದು ಒಳ್ಳೆಯ ಸಾಲಿದೆ: ಕಾರ್ಗಿಲ್‌ನಲ್ಲಿ ನಮ್ಮ ವಾಯುಪಡೆಗೆ ನಿಯಂತ್ರಣ ರೇಖೆ ದಾಟಬೇಡಿ ಎಂಬ ಆದೇಶವಿತ್ತು. ಬರೆದು ಸುಮ್ನೆ ಮುಂದೆ ಹೋಗಿದ್ದೀರಲ್ಲ! ಯಾಕೆ ದಾಟಲಿಲ್ಲ? 1965ರಲ್ಲಿ ನಮ್ಮ ಸೇನೆ ಗಡಿ ದಾಟಿ ಲಾಹೋರ್ ಕಡೆ ನುಗ್ಗಿತ್ತು. ಆಗ ಇಬ್ಬರಲ್ಲೂ ಬಾಂಬ್ ಇರಲಿಲ್ಲ. ಹಾಗಾದರೆ 1999ರಲ್ಲಿ ತಡೆದದ್ದು ಬಾಂಬಿನ ಭಯವೇ ಅನ್ನಬಹುದು. ಇಲ್ಲ, ಹೊರಗಿನ ದೇಶಗಳ ಬೆಂಬಲ ಕಳೆದುಕೊಳ್ಳಬಾರದು ಅಂತಲೂ ಇರಬಹುದು. ಇವೆರಡನ್ನು ಬಿಡಿಸಿ ನೋಡುವುದೇ ನಿಮ್ಮ ಕೆಲಸ. 2019ರ ಬಾಲಾಕೋಟ್ ದಾಳಿಯನ್ನೂ ಪಕ್ಕದಲ್ಲಿಡಿ. ಅದು ರೇಖೆಯಾಚೆ ನಡೆಯಿತು, ಬಾಂಬ್ ಆಗಲೂ ಇತ್ತಲ್ವಾ? ನಿಮ್ಮ ವಾದಕ್ಕೆ ಇದು ಕಷ್ಟದ ಪ್ರಶ್ನೆ. ನೀವೇ ಮೊದಲು ಎತ್ತಿದರೆ ಓದುಗರು ನಿಮ್ಮನ್ನು ನಂಬುತ್ತಾರೆ.

ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ ಪುಸ್ತಕವಾಗಿಯೇ ಸಿಗುತ್ತದೆ. ಅದನ್ನು ಓದದೆ ಈ ವಿಷಯ ಬರೆಯಬೇಡಿ.

ಭಾಷೆಯ ಬಗ್ಗೆ ಒಂದೇ ಮಾತು. 'ಪ್ರತಿಬಂಧಕ ಸಾಮರ್ಥ್ಯದ ವಿಶ್ವಾಸಾರ್ಹತೆ' ಹನ್ನೊಂದು ಸಲ ಬಂದಿದೆ. ಎಣಿಸಿದೆ. ಹೊಡೆದರೆ ತಿರುಗಿ ಹೊಡೆಯುತ್ತಾರೆ ಅನ್ನುವ ಭಯ, ಅಷ್ಟೇ ತಾನೇ?

ಮೊದಲ ಐದು ಪುಟ ತೆಗೆದುಹಾಕಿ, 1,500 ಪದಗಳಲ್ಲಿ ಮತ್ತೆ ಬರೆದು ಕಳಿಸಿ. ನಾನೇ ಓದುತ್ತೇನೆ.

— ಸಂಪಾದಕ